ಕಲ್ಲಿನ ಮನೆ ಎಷ್ಟು ತಂಪು?

ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಶಿವಾರಪಟ್ಟಣದ ಯಾವುದಾದರೂ ಶಿಲ್ಪಿಯ ಚಪ್ಪರದೊಳಗೆ ಹೋಗಿ, ನೆರಳಲ್ಲಿ ಮಲಗಿರುವ ಅರೆಕೆತ್ತಿದ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿ. ತಣ್ಣಗಿರುತ್ತದೆ. ಪಕ್ಕದಲ್ಲೇ ಬಿದ್ದಿರುವ ಮರದ ದಿಮ್ಮಿಯ ಮೇಲೆ ಇನ್ನೊಂದು ಅಂಗೈ ಇಡಿ. ಅದು ಅಷ್ಟು ತಣ್ಣಗಿರುವುದಿಲ್ಲ. ಆದರೆ ಬೆಳಗಿನಿಂದ ಒಂದೇ ನೆರಳಲ್ಲಿದ್ದ ಎರಡಕ್ಕೂ ಥರ್ಮಾಮೀಟರ್ ಹಿಡಿದರೆ ತಾಪಮಾನ ಹೆಚ್ಚುಕಡಿಮೆ ಒಂದೇ ಬರುತ್ತದೆ. 27 ಡಿಗ್ರಿ ಎಂದಿಟ್ಟುಕೊಳ್ಳೋಣ. ಅಂಗೈ ಚರ್ಮ ಸುಮಾರು 33 ಡಿಗ್ರಿ ಇರುತ್ತದೆ. ಚರ್ಮ ಮತ್ತು ಕಲ್ಲು ಕೂಡುವ ಜಾಗದಲ್ಲಿ ತಾಪಮಾನ ಇವೆರಡರ ನಡುವೆ ಎಲ್ಲೋ ನಿಲ್ಲಬೇಕು. ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ವಸ್ತುವಿನ ಶಾಖ ಎಳೆಯುವ ಶಕ್ತಿ. ವಸ್ತುವಿನ ಉಷ್ಣವಾಹಕತೆ, ಸಾಂದ್ರತೆ, ಶಾಖ ಹಿಡಿದಿಡುವ ಗುಣ, ಮೂರೂ ಸೇರಿ ಆ ಶಕ್ತಿಯಾಗುತ್ತದೆ. ಗ್ರಾನೈಟಿನಲ್ಲಿ ಅದು ಮರಕ್ಕಿಂತ ಆರು ಪಟ್ಟು ಹೆಚ್ಚು. ಹಾಗಾಗಿ ಕಲ್ಲು ಮುಟ್ಟಿದಾಗ ಅಂಗೈಗೆ ಸಿಗುವುದು 29 ಡಿಗ್ರಿಯ ಆಸುಪಾಸು, ಮರ ಮುಟ್ಟಿದಾಗ 31ರ ಮೇಲೆ. ಕೈ ಅಳೆಯುತ್ತಿರುವುದು ಕಲ್ಲಿನ ತಾಪಮಾನವನ್ನಲ್ಲ, ತನ್ನಿಂದ ಶಾಖ ಹೊರಟುಹೋಗುತ್ತಿರುವ ವೇಗವನ್ನು.

ಇಷ್ಟರಿಂದಲೇ ಕಲ್ಲು ತಂಪು, ಆದ್ದರಿಂದ ಕಲ್ಲಿನ ಮನೆಯೂ ತಂಪು ಎಂಬ ಮಾತು ಹುಟ್ಟಿಕೊಂಡಿದೆ. ಮೊದಲಿನದು ಕೈಗೆ ಸಂಬಂಧಪಟ್ಟ ಮಾತು. ಎರಡನೆಯದು ಬೇರೆಯೇ ಪ್ರಶ್ನೆ, ಅದನ್ನು ಬಿಡಿಸುವುದಕ್ಕೆ ಶಿವಾರಪಟ್ಟಣಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಈ ಊರಿನ ಹೆಸರು ಹೇಳಿದರೆ ನೆನಪಾಗುವುದು ದೇವರ ವಿಗ್ರಹಗಳು. ತಲೆಮಾರುಗಳಿಂದ ಉಳಿ, ಸುತ್ತಿಗೆ ಹಿಡಿದ ಕುಟುಂಬಗಳು ಇಲ್ಲಿವೆ. ತಾಲ್ಲೂಕಿನ ಒಂದು ಕಡೆ ಟೇಕಲ್ಲಿನ ಬಂಡೆಗುಡ್ಡಗಳು, ಇನ್ನೊಂದು ಕಡೆ ಮಾಲೂರಿನ ಹೆಂಚು, ಇಟ್ಟಿಗೆಯ ಗೂಡುಗಳು. ಕಲ್ಲು ಮತ್ತು ಜೇಡಿಮಣ್ಣು ಎರಡೂ ಕೈಗೆಟುಕುವ ಸೀಮೆ ಇದು. ಈ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಎರಡು ಬಗೆಯ ಕಲ್ಲಿನ ಮನೆಗಳನ್ನು ನೋಡಬಹುದು. ಒಂದರಲ್ಲಿ ಕಲ್ಲುಚಪ್ಪಡಿಗಳನ್ನೇ ಸಾಲಾಗಿ ನೆಟ್ಟು ಗೋಡೆ ಮಾಡಿರುತ್ತಾರೆ, ಮೇಲೆಯೂ ಚಪ್ಪಡಿ, ದಪ್ಪ ಎರಡು ಮೂರು ಅಂಗುಲ. ಇನ್ನೊಂದು ಹಳೆಯ ಮಿದ್ದೆ ಮನೆ. ಕಾಡುಕಲ್ಲನ್ನು ಮಣ್ಣಿನಲ್ಲಿ ಕೂರಿಸಿ ಕಟ್ಟಿದ ಒಂದೂವರೆ ಅಡಿ ಗೋಡೆ, ಮೇಲೆ ಚಪ್ಪಡಿ ಅಥವಾ ಜಂತೆ, ಅದರ ಮೇಲೆ ತುಳಿದು ಗಟ್ಟಿ ಮಾಡಿದ ಗೇಣುದ್ದ ಮಣ್ಣು. ಎರಡನ್ನೂ ಕಲ್ಲಿನ ಮನೆ ಎಂದೇ ಕರೆಯುತ್ತೇವೆ. ಬೇಸಿಗೆಯಲ್ಲಿ ಒಳಗೆ ಹೊಕ್ಕರೆ ಎರಡೂ ಒಂದೇ ಅಲ್ಲ ಎಂಬುದು ಗೊತ್ತಾಗುತ್ತದೆ.

ಕಾರಣ ಲೆಕ್ಕದಲ್ಲಿದೆ. ಬಿಸಿಲು ಹಗಲಲ್ಲಿ ಏರಿ ರಾತ್ರಿ ಇಳಿಯುವುದರಿಂದ ಗೋಡೆ, ಸೂರುಗಳೊಳಗೆ ಶಾಖ ಅಲೆಯ ಹಾಗೆ ಸಾಗುತ್ತದೆ. ಸಾಗುತ್ತ ಎರಡು ಸಂಗತಿ ನಡೆಯುತ್ತವೆ: ಅಲೆ ತಡವಾಗುತ್ತದೆ, ಜೊತೆಗೆ ಸೊರಗುತ್ತದೆ. ಗ್ರಾನೈಟ್ ಶಾಖವನ್ನು ಚೆನ್ನಾಗಿ ದಾಟಿಸುವ ಕಲ್ಲು. ಮೂರು ಅಂಗುಲದ ಚಪ್ಪಡಿಯನ್ನು ಅಲೆ ದಾಟುವುದಕ್ಕೆ ಹೆಚ್ಚೆಂದರೆ ಒಂದೂವರೆ ಗಂಟೆ ಸಾಕು, ಮೇಲಿನ ಏರಿಳಿತದ ಮೂರನೆಯ ಎರಡು ಪಾಲು ಹಾಗೆಯೇ ಕೆಳಗಿಳಿಯುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಮೇಲೆ ಕಾದದ್ದು ಮೂರೂವರೆಗೆ ತಲೆಯ ಮೇಲಿರುತ್ತದೆ. ಬರಿಯ ಚಪ್ಪಡಿಯ ಮನೆ ಮಧ್ಯಾಹ್ನ ಕುದಿಯುವುದು ಇದಕ್ಕೇ. ಅದೇ ಚಪ್ಪಡಿಯ ಮೇಲೆ 20 ಸೆಂಟಿಮೀಟರ್ ಮಣ್ಣು ಹಾಕಿ ಲೆಕ್ಕ ಮಾಡಿ. ಮಣ್ಣಿನ ಪದರ ಒಂದೇ ಏಳು ಗಂಟೆ ತಡ ಮಾಡುತ್ತದೆ. ಕಲ್ಲೂ ಸೇರಿ ಎಂಟೂವರೆ ಗಂಟೆ. ಏರಿಳಿತದ ಹತ್ತನೆಯ ಒಂದು ಪಾಲಷ್ಟೇ ಒಳಗೆ ಮುಟ್ಟುತ್ತದೆ. ಮಧ್ಯಾಹ್ನದ ಎರಡು ಗಂಟೆಯ ಬಿಸಿ ರಾತ್ರಿ ಹತ್ತೂವರೆಗೆ, ಅದೂ ಸೊರಗಿ ಸೊರಗಿ, ಕೆಳಗಿಳಿಯುವ ಹೊತ್ತಿಗೆ ಹೊರಗೆ ತಂಗಾಳಿ ಬೀಸುತ್ತಿರುತ್ತದೆ. ಇವು ಸಾಮಾನ್ಯ ಗುಣಾಂಕಗಳನ್ನಿಟ್ಟು ಮಾಡಿದ ಸರಳ ಲೆಕ್ಕಗಳು. ನಿಜವಾದ ಮನೆಯಲ್ಲಿ ಮಣ್ಣಿನ ತೇವ, ಕಲ್ಲಿನ ಜಾತಿ ನೋಡಿಕೊಂಡು ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಚಿತ್ರ ಬದಲಾಗುವುದಿಲ್ಲ. ಮಿದ್ದೆ ಮನೆಯನ್ನು ತಂಪಾಗಿಡುವುದು ಕಲ್ಲಲ್ಲ. ಸೂರಿನಲ್ಲಿ ಮಣ್ಣು, ಗೋಡೆಯಲ್ಲಿ ದಪ್ಪ.

ಶಾಖ ಕಲ್ಲಿನೊಳಗೆ ಎಷ್ಟು ಬೇಗ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬ ಈ ಲೆಕ್ಕ ನಮ್ಮ ಕಲ್ಲುಕುಟಿಗರಿಗೆ ಕೈಯಲ್ಲೇ ಇತ್ತು. ಬೆಂಗಳೂರಿನ ಕಡೆ ಗ್ರಾನೈಟ್ ಎಬ್ಬಿಸುತ್ತಿದ್ದ ರೀತಿಯನ್ನು ಎಚ್. ವಾರ್ತ್ ಎಂಬುವರು 1895ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದಿದ್ದಾರೆ. ಬಂಡೆಯ ಮೇಲೆ ಸಾಲಾಗಿ ಸೌದೆ ಹೊತ್ತಿಸುತ್ತಿದ್ದರು. ಮೇಲಿನ ಪದರ ಕಾದು ಹಿಗ್ಗುತ್ತದೆ, ಅಡಿಯದು ತಣ್ಣಗೇ ಇರುತ್ತದೆ, ನಡುವೆ ಬಿರುಕು ಓಡುತ್ತದೆ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ, ಪದರ ಬಿಟ್ಟಿತು ಎಂದು ಗೊತ್ತಾದ ಮೇಲೆ ಬೆಂಕಿಯನ್ನು ಮುಂದಕ್ಕೆ ಸರಿಸುತ್ತಿದ್ದರು. ಹೀಗೆ 60 ಅಡಿ ಉದ್ದ, 40 ಅಡಿ ಅಗಲ, ಬರೀ ಅರ್ಧ ಅಡಿ ದಪ್ಪದ ಹಾಳೆ ಒಂದೇ ತುಂಡಾಗಿ ಏಳುತ್ತಿತ್ತು. ಬೆಂಕಿ ಮುಂದಕ್ಕೆ ಸರಿಯುವ ವೇಗದಲ್ಲಿ ಕಲ್ಲಿನ ಉಷ್ಣಗುಣದ ಪೂರ್ತಿ ಅಂದಾಜು ಅಡಗಿದೆ. ಚಪ್ಪಡಿ ಮನೆಗಳಿಗೆ ತೆಳುವಾದ ಕಲ್ಲು ಒದಗಿಸಿದ್ದು ಇಂಥ ಜಾಣ್ಮೆಯೇ.

ಇನ್ನು ಒಳಗೆ ಕೂತ ಮನುಷ್ಯನ ವಿಷಯ. ಮನೆ ಎಷ್ಟು ಡಿಗ್ರಿ ಇದೆ ಎಂದು ಅಳೆಯುವುದು ಸುಲಭ, ಅದು ಹಿತವಾಗಿದೆಯೇ ಎಂದು ಅಳೆಯುವುದು ಕಷ್ಟ. ಸಂಶೋಧಕರು ಆರು ಸಂಗತಿ ನೋಡುತ್ತಾರೆ: ಗಾಳಿಯ ತಾಪಮಾನ, ಸುತ್ತಲ ಗೋಡೆ ಮತ್ತು ಸೂರಿನಿಂದ ಸೂಸುವ ಶಾಖ, ತೇವಾಂಶ, ಗಾಳಿಯ ವೇಗ, ಮೈಮೇಲಿನ ಬಟ್ಟೆ, ಮಾಡುತ್ತಿರುವ ಕೆಲಸ. ಇದರಲ್ಲಿ ಎರಡನೆಯದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಕೋಣೆಯ ಗಾಳಿ 30 ಡಿಗ್ರಿ ಇದ್ದು, ಬಿಸಿಯೇರಿದ ತಾರಸಿಯಿಂದಾಗಿ ಸುತ್ತಲ ಮೈಗಳ ಸರಾಸರಿ 34 ಡಿಗ್ರಿ ಇದ್ದರೆ, ಅಲ್ಲಿ ಕೂತವರ ದೇಹಕ್ಕೆ ಅದು 32 ಡಿಗ್ರಿಯ ಕೋಣೆ. ಗೋಡೆಗೆ ನೇತುಹಾಕಿದ ಥರ್ಮಾಮೀಟರ್ ಇದನ್ನು ಸರಿಯಾಗಿ ಹೇಳಲಾರದು. ಅದಕ್ಕಾಗಿಯೇ ಸಂಶೋಧಕರು ಟೇಬಲ್ ಟೆನಿಸ್ ಚೆಂಡಿನ ಗಾತ್ರದ, ಅಂದರೆ 40 ಮಿಲಿಮೀಟರಿನ ಟೊಳ್ಳು ಗೋಳಕ್ಕೆ ಬಣ್ಣ ಬಳಿದು, ಅದರ ನಡುವೆ ಸಂವೇದಕ ಇಟ್ಟು ತೂಗುಹಾಕುತ್ತಾರೆ. ಗೋಳ ಗಾಳಿಯನ್ನೂ ಅನುಭವಿಸುತ್ತದೆ, ಸೂರಿನ ಶಾಖವನ್ನೂ ಅನುಭವಿಸುತ್ತದೆ, ಮನುಷ್ಯನ ಮೈಯಂತೆಯೇ.

ಹಿತದ ವಿಜ್ಞಾನ ಬಹುಕಾಲ ನಿಂತಿದ್ದು ಡೆನ್ಮಾರ್ಕಿನ ಓಲೆ ಫ್ಯಾಂಗರ್ 1970ರಲ್ಲಿ ಪ್ರಕಟಿಸಿದ ಸಮೀಕರಣದ ಮೇಲೆ. ಅಮೆರಿಕದ ಕಾನ್ಸಾಸ್ ಮತ್ತು ಡೆನ್ಮಾರ್ಕಿನ ವಿದ್ಯಾರ್ಥಿಗಳನ್ನು ಪ್ರಯೋಗದ ಕೋಣೆಯಲ್ಲಿ ಕೂರಿಸಿ, ಚಳಿಯೋ ಸೆಕೆಯೋ ಎಂದು ಕೇಳಿ ಪಡೆದ ಮಾಹಿತಿ ಅದು. ತುಂಬ ಬೆಲೆಯುಳ್ಳ ಕೆಲಸ. ಆದರೆ ಕಿಟಕಿ ತೆರೆಯಲಾರದ, ಮೇಲುಹೊದಿಕೆ ತೆಗೆಯಲಾರದ ಕೋಣೆಯ ಜನ ಒಂದು ಬಗೆ, ಚೈತ್ರದ ಬಿಸಿಲಿಗೆ ವಾರಗಟ್ಟಲೆ ಮೈ ಒಗ್ಗಿಸಿಕೊಂಡು ಜಗಲಿಯಲ್ಲಿ ಕೂತ ಜನ ಇನ್ನೊಂದು ಬಗೆ. ನಮ್ಮ ದೇಶದಲ್ಲಿ ಈ ಎರಡನೆಯವರನ್ನು ಕೇಳುವ ಕೆಲಸ ದೊಡ್ಡದಾಗಿ ನಡೆದದ್ದು ತಡವಾಗಿ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸನ್ಯೋಗಿತಾ ಮನು, ಯಶ್ ಶುಕ್ಲ, ರಾಜನ್ ರಾವಲ್ ಮೊದಲಾದವರು ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾ, ಅಹಮದಾಬಾದುಗಳ 16 ಕಚೇರಿ ಕಟ್ಟಡಗಳಲ್ಲಿ 6,330 ಉತ್ತರಗಳನ್ನು ಸಂಗ್ರಹಿಸಿ 2016ರಲ್ಲಿ ಪ್ರಕಟಿಸಿದರು. ಕಿಟಕಿ ತೆರೆದಿಡುವ ಕಟ್ಟಡಗಳಿಗೆ ಅವರು ಕೊಟ್ಟ ಸೂತ್ರ ಯಾರು ಬೇಕಾದರೂ ಹಾಕಿ ನೋಡಬಹುದಾದದ್ದು: ಹಿಂದಿನ 30 ದಿನಗಳ ಹೊರಗಿನ ಸರಾಸರಿ ತಾಪಮಾನವನ್ನು 0.54ರಿಂದ ಗುಣಿಸಿ 12.83 ಕೂಡಿಸಿ. ಬೇಸಿಗೆಯಲ್ಲಿ ಆ ಸರಾಸರಿ 27 ಇದ್ದರೆ ಜನರಿಗೆ ಹಿತವೆನಿಸುವುದು 27.4 ಡಿಗ್ರಿ. ಚಳಿಗಾಲದಲ್ಲಿ 21 ಇದ್ದರೆ 24.2. ಅಂದರೆ ಹಿತ ಎಂಬುದು ಗೋಡೆಯ ಮೇಲೆ ಕೊರೆದ ಒಂದೇ ಅಂಕೆಯಲ್ಲ, ಋತುವಿನ ಜೊತೆ ಮೂರು ಡಿಗ್ರಿಗೂ ಹೆಚ್ಚು ಸರಿಯುತ್ತದೆ. ಏಸಿಗಳಲ್ಲಿ ಕಾರ್ಖಾನೆಯಲ್ಲೇ 24 ಡಿಗ್ರಿ ಹೊಂದಿಸಿ ಕಳಿಸಬೇಕೆಂಬ ನಿಯಮ 2020ರ ಜನವರಿಯಿಂದ ಬಂದಿದೆ. 18ಕ್ಕೆ ಇಟ್ಟು ಕಂಬಳಿ ಹೊದೆಯುವುದಕ್ಕಿಂತ ಅದು ಎಷ್ಟೋ ಮೇಲು. ಆದರೂ ಏಪ್ರಿಲಿನ ನಮ್ಮ ಮೈ ಕೇಳುತ್ತಿರುವುದು ಅದಕ್ಕಿಂತ ಮೂರು ಡಿಗ್ರಿ ಹೆಚ್ಚಿನದನ್ನು.

ಬಟ್ಟೆಯ ಲೆಕ್ಕವೂ ಹೀಗೆಯೇ ನಮ್ಮದಾಗಬೇಕಿತ್ತು. ಹೈದರಾಬಾದಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸೆಕೆಯ ಅಧ್ಯಯನ ಮಾಡಿದ್ದ ವಾಸ್ತುಶಿಲ್ಪಿ ಮಾಧವಿ ಇಂದ್ರಗಂಟಿ ಮತ್ತು ಸಂಗಡಿಗರು, ಬಿಸಿ ಮಾಡಿದ ಮಾನವಾಕೃತಿಯ ಬೊಂಬೆಗೆ ಸೀರೆ ಉಡಿಸಿ ಅಳತೆ ತೆಗೆದರು. ಅದೇ ಸೀರೆ, ಉಟ್ಟ ರೀತಿ ಬೇರೆಯಾದರೆ ಶಾಖ ತಡೆಯುವ ಪ್ರಮಾಣವೂ ಬೇರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಲಸಕ್ಕಿಳಿಯುವ ಹೆಂಗಸರಿಗೆ ಇದು ಹೊಸ ಸುದ್ದಿಯಲ್ಲ, ಆದರೆ ಕೋಷ್ಟಕದಲ್ಲಿ ಅಂಕೆಯಾಗಿ ಕೂತರೆ ಮಾತ್ರ ಕಟ್ಟಡದ ನಿಯಮ ಬರೆಯುವವರ ಕಣ್ಣಿಗೆ ಬೀಳುತ್ತದೆ.

ಇಷ್ಟಾದರೂ 0.54ರ ಆ ಸೂತ್ರ ಹುಟ್ಟಿದ್ದು ಕಚೇರಿಗಳಲ್ಲಿ ಕುರ್ಚಿಯ ಮೇಲೆ ಕೂತವರಿಂದ. ಸುಮ್ಮನೆ ಕೂತ ದೊಡ್ಡವರ ದೇಹ ಸುಮಾರು 100 ವಾಟ್ ಶಾಖ ಹೊರಹಾಕುತ್ತದೆ. ಸುತ್ತಿಗೆ ಬೀಸುವ ಶಿಲ್ಪಿಯದು ಅದರ ಎರಡು ಮೂರು ಪಟ್ಟು. 27.4 ಡಿಗ್ರಿ ಅವನಿಗೆ ಹಿತವಲ್ಲ. ಅವನಿಗೆ ಬೇಕಾದದ್ದು ಬೆವರು ಆರಿಸುವ ಗಾಳಿ, ನೆತ್ತಿಗೆ ಶಾಖ ಸೂಸದ ಸೂರು. ಕೆಲಸದ ಚಪ್ಪರಕ್ಕೆ ಹಾಕಿದ ಸಿಮೆಂಟ್ ಶೀಟು ಅಥವಾ ತಗಡು ಎರಡನೆಯದನ್ನು ಕೆಡಿಸುತ್ತದೆ. ಹಾಗೆಂದು ಚಪ್ಪರಕ್ಕೆ ಗೋಡೆ ಕಟ್ಟಿ ತಂಪು ಮಾಡುವಂತಿಲ್ಲ. ಗ್ರಾನೈಟಿನಲ್ಲಿ ಬೆಣಚು ಐದನೆಯ ಒಂದು ಪಾಲಿಗಿಂತ ಹೆಚ್ಚಿರುತ್ತದೆ. ಉಳಿಯ ಬದಲು ಗ್ರೈಂಡರ್ ಬಂದ ಮೇಲೆ ಆ ಬೆಣಚು ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ತರುತ್ತದೆ. ಇಲ್ಲಿ ಹಿತವೆಂದರೆ ಮೊದಲು ಉಸಿರು, ಆಮೇಲೆ ತಂಪು. ನೀರು ಹನಿಸುತ್ತ ಕೊಯ್ಯುವುದು, ಧೂಳನ್ನು ಹುಟ್ಟಿದ ಕಡೆಯೇ ಹೀರುವುದು, ಎರಡು ಬದಿ ತೆರೆದಿಟ್ಟು ಸೂರನ್ನು ಮಾತ್ರ ಬಿಸಿಯಾಗದಂತೆ ಮಾಡುವುದು, ಇವು ಒಟ್ಟಿಗೇ ಆಗಬೇಕಾದ ಕೆಲಸಗಳು. ಕಟ್ಟಡದ ಹಿತವನ್ನು ಅಭ್ಯಾಸ ಮಾಡುವವರು ಕಚೇರಿಯಿಂದ ಎದ್ದು ಇಂಥ ಚಪ್ಪರಗಳಿಗೆ ತಮ್ಮ ಗೋಳಗಳನ್ನು ತರಬೇಕು ಎಂಬುದು ನನ್ನ ಗಟ್ಟಿಯಾದ ಆಸೆ.

ಹಳ್ಳಿಯ ಮನೆಗಳತ್ತ ಬಂದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಘಟಕ ಆರಂಭಿಸಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ ಮಣ್ಣಿಗೆ ಒಂದಿಷ್ಟು ಸಿಮೆಂಟ್ ಬೆರೆಸಿ, ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ವಿದ್ಯೆಯನ್ನು ಬೆಳೆಸಿದರು. ಕಟ್ಟಡಕ್ಕೆ ಬೇಕಾಗುವ ಶಕ್ತಿ ಎಂದರೆ ಕರೆಂಟ್ ಬಿಲ್ಲು ಮಾತ್ರವಲ್ಲ, ಸಿಮೆಂಟು, ಕಬ್ಬಿಣ, ಇಟ್ಟಿಗೆ ತಯಾರಾಗುವಾಗಲೇ ಸುಟ್ಟ ಇಂಧನವೂ ಸೇರಬೇಕು ಎಂದು ಇಬ್ಬರೂ ಲೆಕ್ಕ ಮಾಡಿ 2003ರಲ್ಲಿ ಪ್ರಕಟಿಸಿದರು. ಕಾಂಕ್ರೀಟ್ ಚೌಕಟ್ಟಿನ ಬಹುಮಹಡಿ ಕಟ್ಟಡದ ಒಂದು ಚದರ ಮೀಟರಿಗೆ 4.21 ಗಿಗಾಜೂಲ್. ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿಯ ಮಾಮೂಲಿ ಮನೆಗೆ 2.92. ಒತ್ತಿದ ಮಣ್ಣಿನ ಇಟ್ಟಿಗೆ ಮತ್ತು ಹೆಂಚು ತುಂಬಿದ ತಾರಸಿಯ ಮನೆಗೆ 1.61. ಕೊನೆಯ ಅಂಕೆಯನ್ನು ಮಾಲೂರಿನವರು ಗಮನಿಸಬೇಕು, ಅದಕ್ಕೆ ಮತ್ತೆ ಬರುತ್ತೇನೆ.

ಅದೇ ಸಂಸ್ಥೆಯ ಮಾಂಟೋ ಮಣಿ ಮತ್ತು ಸಂಗಡಿಗರು ಕರ್ನಾಟಕದ ಸುಗ್ಗನಹಳ್ಳಿಯ ಮನೆಗಳಲ್ಲಿ ತಾಪಮಾನ ದಾಖಲಿಸುತ್ತ, ಅಲ್ಲಿ ವಾಸವಿರುವವರನ್ನೂ ಕೇಳುತ್ತ ಅಧ್ಯಯನ ಮಾಡಿದರು. ಕಾಡುಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ ಹೋಗಿ ಸುಟ್ಟ ಇಟ್ಟಿಗೆ, ಕಾಂಕ್ರೀಟು, ತಗಡು ಬಂದಾಗ ಒಳಗೇನಾಗುತ್ತದೆ ಎಂಬುದೇ ಅವರ ಪ್ರಶ್ನೆ. ಆದದ್ದು ನಿರೀಕ್ಷಿಸುವಂಥದ್ದೇ, ಮನೆ ಬಿಸಿಯಾಗುತ್ತದೆ. ಹಳೆಯ ಮನೆಗಳ ಜನರ ಹಿತದ ಮಟ್ಟ ಪುಸ್ತಕದ ಸಮೀಕರಣಗಳಿಗೆ ಹೊಂದಿಕೊಳ್ಳುವುದಿಲ್ಲ ಎಂಬುದೂ ಅಲ್ಲಿ ಎದ್ದುಕಂಡ ಸಂಗತಿ. ಮನೆ ಮತ್ತು ಮೈ ಒಂದಕ್ಕೊಂದು ಒಗ್ಗಿಕೊಂಡು ಬಂದಿರುತ್ತವೆ. ಮನೆಯನ್ನು ಬದಲಿಸಿದರೆ ಆ ಒಗ್ಗಿಕೆಯೂ ಮುರಿಯುತ್ತದೆ, ಆ ಜಾಗಕ್ಕೆ ಫ್ಯಾನು, ಆಮೇಲೆ ಕೂಲರು, ಆಮೇಲೆ ಏಸಿ ಬಂದು ಕೂರುತ್ತವೆ.

ಜನ ಮಿದ್ದೆ ಕೆಡವಿದ್ದಕ್ಕೆ ಕಾರಣಗಳಿವೆ. ಪ್ರತಿ ಮಳೆಗಾಲಕ್ಕೆ ಮುಂಚೆ ಮಣ್ಣು ತುಳಿಯಬೇಕು, ಸೋರಿದರೆ ರಾತ್ರಿಯೆಲ್ಲ ಪಾತ್ರೆ ಇಡಬೇಕು, ಒಳಗೆ ಕತ್ತಲು, ಗೋಡೆಯಲ್ಲಿ ಇಲಿ, ಚೇಳು. ತಾರಸಿ ಮನೆ ಮರ್ಯಾದೆಯ ಗುರುತೂ ಹೌದು, ಮೇಲೆ ರಾಗಿ ಒಣಗಿಸಬಹುದು, ಮುಂದೆ ಇನ್ನೊಂದು ಮಹಡಿ ಎಬ್ಬಿಸಬಹುದು. ವಾಪಸ್ ಮಣ್ಣಿಗೆ ಹೋಗಿ ಎಂದು ಅವರಿಗೆ ಹೇಳುವುದು ಅನ್ಯಾಯ. ಕಾಂಕ್ರೀಟ್ ತಾರಸಿಯನ್ನೇ ಸರಿಮಾಡುವ ದಾರಿ ಹುಡುಕಬೇಕು. 12 ಸೆಂಟಿಮೀಟರಿನ ಬೋಳು ತಾರಸಿಯನ್ನು ಶಾಖದ ಅಲೆ ಮೂರು ಗಂಟೆ ಚಿಲ್ಲರೆಯಲ್ಲಿ ದಾಟುತ್ತದೆ, ಏರಿಳಿತದ ಶೇಕಡ 40ಕ್ಕಿಂತ ಹೆಚ್ಚು ಉಳಿಸಿಕೊಂಡು. ಸಂಜೆ ಐದಕ್ಕೆ ಕೆಳಮೈ ಕಾದು, ರಾತ್ರಿ ಊಟದ ಹೊತ್ತಾದರೂ ಆರಿರುವುದಿಲ್ಲ. ಮಕ್ಕಳು ಓದುವ, ದೊಡ್ಡವರು ಮೈಚಾಚುವ ಹೊತ್ತೂ ಅದೇ.

ಕಾನೂನು ಏನು ಹೇಳುತ್ತದೆ? 2018ರಲ್ಲಿ ಕೇಂದ್ರ ಸರ್ಕಾರ ಮನೆಗಳಿಗಾಗಿ ‘ಇಕೋ ನಿವಾಸ್ ಸಂಹಿತೆ’ ಹೊರಡಿಸಿತು. ಸೂರಿನ ಮೂಲಕ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಲ್ಲಿ 1.2 ವಾಟ್‌ಗಿಂತ ಹೆಚ್ಚು ಶಾಖ ದಾಟಬಾರದು ಎಂದು ಅದರ ನಿಯಮ. ಬೋಳು ಕಾಂಕ್ರೀಟಿನಲ್ಲಿ ದಾಟುವುದು ಮೂರಕ್ಕಿಂತ ಹೆಚ್ಚು. ನಿಯಮ ಬಂದದ್ದು ಒಳ್ಳೆಯದೇ, ಆದರೆ ನನ್ನ ತಕರಾರು ಎರಡು. ಇದು 500 ಚದರ ಮೀಟರ್ ಅಥವಾ ಹೆಚ್ಚಿನ ನಿವೇಶನಗಳಿಗೆಂದು ಬರೆದದ್ದು, ಶಿವಾರಪಟ್ಟಣದ ಸಾಮಾನ್ಯ ಮನೆಯ ಬಾಗಿಲಿಗೆ ಬರುವುದಿಲ್ಲ. ಇನ್ನೊಂದು, ಈ ಅಳತೆಗೋಲಿನಲ್ಲಿ ಮಿದ್ದೆಯ ಮಣ್ಣಿನ ಸೂರೂ ಫೇಲಾಗುತ್ತದೆ, ಲೆಕ್ಕ ಹಾಕಿದರೆ ಎರಡು ವಾಟ್ ಹತ್ತಿರ ಬರುತ್ತದೆ. ಹೊರಗೂ ಒಳಗೂ ತಾಪಮಾನ ಬದಲಾಗದೆ ನಿಂತಿದೆ ಎಂದುಕೊಂಡು ಅಳೆಯುವ ಗೋಲು ಇದು. ಎಂಟೂವರೆ ಗಂಟೆಯ ತಡ ಅದಕ್ಕೆ ಕಾಣುವುದಿಲ್ಲ. ಹಗಲು ಧಗೆ, ರಾತ್ರಿ ತಂಪು ಇರುವ ಕೋಲಾರದಂಥ ಎತ್ತರದ ಬಯಲಿಗೆ ಆ ತಡವೇ ಮುಖ್ಯ.

ಕಲ್ಲನ್ನು ಅದರ ಬಿಸಿಗಾಗಿಯೇ ಬಳಸಿದ ಒಂದು ಕಟ್ಟಡ ಬೆಂಗಳೂರಿನ ದೊಮ್ಮಲೂರಿನಲ್ಲಿದೆ. ವಾಸ್ತುಶಿಲ್ಪಿ ಸಂಜಯ್ ಮೊಹೆ ವಿನ್ಯಾಸ ಮಾಡಿದ, ಇಂಧನ ಸಂಶೋಧನೆ ನಡೆಸುವ ಟೆರಿ ಸಂಸ್ಥೆಯ ಕಚೇರಿ ಅದು. ದಕ್ಷಿಣದ ಗೋಡೆ ಜೋಡಿ ಗೋಡೆ, ಹೊರಮೈಗೆ ಕಪ್ಪು ಕಡಪ ಕಲ್ಲು. ಬಿಸಿಲಿಗೆ ಕಲ್ಲು ಕಾಯುತ್ತದೆ, ನಡುವಿನ ಸಂದಿಯ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಆ ಸೆಳೆತಕ್ಕೆ ಕಟ್ಟಡದ ಇನ್ನೊಂದು ಬದಿಯಿಂದ ತಂಪು ಗಾಳಿ ಒಳಗೆ ಬರುತ್ತದೆ. ತೆಳುಕಲ್ಲು ಬೇಗ ಕಾಯುತ್ತದೆ ಎಂಬ ಅದೇ ದೋಷ ಇಲ್ಲಿ ಕೆಲಸಕ್ಕೆ ಬಂದಿದೆ.

ಮಾಮೂಲಿ ಮನೆಗೆ ಮಾಡಬಹುದಾದವು ಇದಕ್ಕಿಂತ ಸರಳ. ನೆತ್ತಿಯ ಬಿಸಿಲು ಚದರ ಮೀಟರಿಗೆ 1,000 ವಾಟ್ ಹತ್ತಿರ ಇರುತ್ತದೆ. ಹಳೆಯ ಬೂದು ತಾರಸಿ ಅದರ ಮೂರನೆಯ ಎರಡು ಪಾಲಿಗೂ ಮಿಕ್ಕಿ ಹೀರುತ್ತದೆ, ಹೊಸದಾಗಿ ಸುಣ್ಣ ಬಳಿದದ್ದು ಸುಮಾರು ಕಾಲು ಪಾಲು. ಮಳೆ, ಧೂಳಿಗೆ ಬಿಳುಪು ಮಾಸುವುದರಿಂದ ಯುಗಾದಿಯ ಮನೆ ಶುಚಿಯ ಜೊತೆಗೇ ತಾರಸಿಗೂ ಒಂದು ಕೈ ಸುಣ್ಣ ಬೀಳಬೇಕು. ರಾತ್ರಿ ಹತ್ತರ ಮೇಲೆ ಕಿಟಕಿ ತೆರೆದಿಟ್ಟರೆ ದಿನವಿಡೀ ಕುಡಿದ ಶಾಖವನ್ನು ಗೋಡೆ ಕಕ್ಕಿಬಿಡುತ್ತದೆ. ಆದರೆ ಸೊಳ್ಳೆ ಮತ್ತು ಕಳ್ಳರ ಭಯಕ್ಕೆ ಕಿಟಕಿ ಮುಚ್ಚಿಯೇ ಇರುತ್ತದೆ, ಹಾಗಾಗಿ ಜಾಲರಿ, ಸರಳುಗಳನ್ನೂ ತಂಪಿನ ಖರ್ಚಿಗೇ ಸೇರಿಸಬೇಕು. ಫ್ಯಾನಿನ ಗಾಳಿ ಸೆಕೆಂಡಿಗೆ ಒಂದು ಮೀಟರಿನಷ್ಟು ಬೀಸಿದರೆ ಮೈಗೆ ಎರಡರಿಂದ ಮೂರು ಡಿಗ್ರಿ ಕಡಿಮೆಯಾದ ಅನುಭವ. ಹಳೆಯ ಫ್ಯಾನಿಗೆ 75 ವಾಟ್ ಬೇಕು, ಈಗಿನ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು.

ಹೊಸ ಮನೆ ಕಟ್ಟುವವರಿಗೆ ಇನ್ನೊಂದು ದಾರಿಯಿದೆ, ಮೇಲೆ ಹೇಳಿದ 1.61ರ ಹಿಂದಿನ ಗುಟ್ಟು. ತಾರಸಿಯ ಕೆಳಭಾಗದ ಕಾಂಕ್ರೀಟು ಕಂಬಿಯನ್ನು ಹಿಡಿದುಕೊಳ್ಳುವುದು ಬಿಟ್ಟರೆ ಭಾರ ಹೊರುವ ಕೆಲಸ ಹೆಚ್ಚೇನೂ ಮಾಡುವುದಿಲ್ಲ. ಕಂಬಿಗಳ ನಡುವಿನ ಚೌಕಗಳಲ್ಲಿ ಅಷ್ಟು ಕಾಂಕ್ರೀಟಿನ ಬದಲು ಮಂಗಳೂರು ಮಾದರಿಯ ಹೆಂಚುಗಳನ್ನು ಒಂದರ ಮೇಲೊಂದು ಕವುಚಿ ಕೂರಿಸಬಹುದು. ಕೇರಳದಲ್ಲಿ ಲಾರಿ ಬೇಕರ್ ಇದನ್ನು ಬಳಕೆಗೆ ತಂದರು. ಸಿಮೆಂಟು ಉಳಿಯುತ್ತದೆ, ಸೂರು ಹಗುರಾಗುತ್ತದೆ, ಎರಡು ಹೆಂಚುಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖಕ್ಕೆ ಸ್ವಲ್ಪ ಅಡ್ಡ ನಿಲ್ಲುತ್ತದೆ. ಹೆಂಚು ಮಾಲೂರಿನಲ್ಲೇ ಇದೆ. ಕಂಬಿ ಕಟ್ಟುವ ಅಂತರ ಹೆಂಚಿನ ಅಳತೆಗೆ ಹೊಂದಬೇಕಾದ್ದರಿಂದ ಈ ತೀರ್ಮಾನ ಆಗಬೇಕಾದದ್ದು ನಕ್ಷೆ ಬರೆಯುವಾಗ. ಸೆಂಟ್ರಿಂಗ್ ಹಲಗೆ ಜೋಡಿಸಿದ ಮೇಲೆ ಮೇಸ್ತ್ರಿಗೆ ಹೇಳಿದರೆ ತಡವಾಗಿರುತ್ತದೆ.